ಹದಿನೇಳು ವರ್ಷದ ಸ್ವಿಫ್ಟ್‌ನ ಹಿಂದಿನ ಬಂಪರ್ ಬಿಚ್ಚಲು ಹಿಡಿದ ಎರಡು ವಾರಾಂತ್ಯ

2025ರ ಏಪ್ರಿಲ್ ಕೊನೆಯಲ್ಲಿ ಎರಡು ಮಳೆ ಬಿದ್ದದ್ದೇ ತಡ, ಕಾರಿನ ಡಿಕ್ಕಿಯಲ್ಲಿ ಹಸಿ ಗೋಣಿಚೀಲದ ವಾಸನೆ. ಕಾರ್ಪೆಟ್ ಎತ್ತಿದರೆ ಸ್ಟೆಪ್ನಿ ಕೂರುವ ಗುಂಡಿಯಲ್ಲಿ ನೀರು. ಸ್ನಾನದ ಮಗ್ಗಿನಲ್ಲಿ ಮೊಗೆದೆ, ಎರಡು ಮಗ್ಗು ತುಂಬಿತು. ಕಾರು 2008ರ ಸ್ವಿಫ್ಟ್, 1298 ಸಿಸಿ ಪೆಟ್ರೋಲ್. ಹದಿನೈದು ವರ್ಷ ತುಂಬಿದಾಗ ಎಫ್‌ಸಿ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಇನ್ನೈದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಂಡಿದ್ದೇನೆ. 2028ರವರೆಗಾದರೂ ಇದನ್ನು ತುಕ್ಕಿಗೆ ಬಿಟ್ಟುಕೊಡುವ ಮನಸ್ಸಿಲ್ಲ.

ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಲು ಹಿಂದಿನ ಸೀಟು ಮಡಚಿ, ಟಾರ್ಚ್ ಹಿಡಿದು ನಾನೇ ಡಿಕ್ಕಿಯೊಳಗೆ ಮುದುಡಿ ಕುಳಿತೆ. ಮಗಳು ಹೊರಗಿನಿಂದ ಚೊಂಬಿನಲ್ಲಿ ನೀರು ಹುಯ್ದಳು. ಪೈಪು ಹಿಡಿಯಲಿಲ್ಲ. 2024ರ ಮಾರ್ಚ್‌ನಲ್ಲಿ ಕಾವೇರಿ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಬೆಂಗಳೂರಿನ ಜಲಮಂಡಳಿ ಹೇಳಿದಾಗಿನಿಂದ ನಮ್ಮ ಮನೆಯಲ್ಲಿ ಕಾರಿಗೆ ಮೀಸಲಾದದ್ದು ಆರ್‌ಒ ಯಂತ್ರ ಹೊರಹಾಕುವ ನೀರು ಮಾತ್ರ. ನಾಲ್ಕನೆಯ ಚೊಂಬಿಗೆ ಎಡಗಡೆಯ ಒಳಹೊದಿಕೆಯ ಹಿಂದಿನಿಂದ ಒಂದು ತೆಳುವಾದ ಗೆರೆ ಇಳಿದು ಬಂತು. ಬಾಗಿಲು ಹಾಕಿದಾಗ ಒಳಗಿನ ಗಾಳಿ ಹೊರಹೋಗಲು ಅಲ್ಲೊಂದು ಕಿಂಡಿ ಇರುತ್ತದೆ, ಅದಕ್ಕೆ ರಬ್ಬರ್ ರೆಪ್ಪೆಗಳು. ಅದನ್ನು ಸರಿಪಡಿಸಬೇಕಾದರೆ ಹೊರಗಿನಿಂದ ಮುಟ್ಟಬೇಕು. ಹೊರಗಿನಿಂದ ಮುಟ್ಟಬೇಕಾದರೆ ಬಂಪರ್ ಬಿಚ್ಚಬೇಕು.

ಬಂಪರಿನ ಎಡಮೂಲೆಯಲ್ಲಿ ಹೇಗೂ 11 ಸೆಂಟಿಮೀಟರ್ ಉದ್ದದ ಸೀಳು ಇತ್ತು. ಮನೆ ಮುಂದಿನ ಕಲ್ಲುಕಂಬಕ್ಕೆ ನಾನೇ ತಾಗಿಸಿ ಮಾಡಿದ್ದು. ಟಿಂಕರಿಂಗ್ ಗ್ಯಾರೇಜಿನಲ್ಲಿ ಕೇಳಿದಾಗ ಬಿಚ್ಚಿ, ಬೆಸೆದು, ಬಣ್ಣ ಹೊಡೆದು ಕೊಡಲು 7,500 ರೂಪಾಯಿ, ಮೂರು ದಿನ ಎಂದರು. ನ್ಯಾಯವಾದ ದರವೇ ಇರಬಹುದು. ಆದರೆ ಆ ಮೂಲೆಗೆ ಬಣ್ಣ ಹೊಡೆಸಿ ಮತ್ತೆ ಅದೇ ಕಂಬದ ಪಕ್ಕ ನಿಲ್ಲಿಸುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ.

ಮೇ 10, ಶನಿವಾರ

ಹನುಮಂತನಗರದಲ್ಲಿ ಸಮತಟ್ಟಾದ ರಸ್ತೆ ಸಿಗುವುದು ಅಪರೂಪ. ನಮ್ಮ ಕ್ರಾಸಿನಲ್ಲಿ ಕೊಂಚ ಮಟ್ಟಸವಾದ ಜಾಗವೆಂದರೆ ಹೊಂಗೆಮರದ ಕೆಳಗೆ. ಅಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಕೊಟ್ಟೆ. ಜ್ಯಾಕ್ ಹಾಕಲಿಲ್ಲ. ಈ ಕೆಲಸಕ್ಕೆ ಕಾರಿನ ಅಡಿಗೆ ಪೂರ್ತಿ ತೂರುವ ಅಗತ್ಯವಿಲ್ಲ, ಚಾಪೆ ಹಾಸಿ ಮಲಗಿ ಕೈ ಚಾಚಿದರೆ ಸಾಕು.

ಸಲಕರಣೆ ಇಷ್ಟು: 10 ಮಿ.ಮೀ. ಸಾಕೆಟ್, ರ‍್ಯಾಚೆಟ್, 150 ಮಿ.ಮೀ. ಎಕ್ಸ್‌ಟೆನ್ಷನ್, ಸ್ಟಾರ್ ಸ್ಕ್ರೂಡ್ರೈವರ್, ಮೈನಸ್ ಸ್ಕ್ರೂಡ್ರೈವರ್, ತುಕ್ಕು ಸಡಿಲಿಸುವ ಸ್ಪ್ರೇ, ಮಾಸ್ಕಿಂಗ್ ಟೇಪ್, ಕ್ಲಿಪ್ ಹಾಕಿಡಲು ಇಡ್ಲಿತಟ್ಟೆ. ಇಡ್ಲಿತಟ್ಟೆಯನ್ನು ಹೆಂಡತಿ ನೋಡಿದ್ದು ಮಧ್ಯಾಹ್ನದ ಮೇಲೆ. ಅದರ ಕಥೆ ಇಲ್ಲಿ ಬೇಡ.

ಮೊದಲು ಹಿಂದಿನ ದೀಪಗಳು. ಡಿಕ್ಕಿ ಬಾಗಿಲು ತೆರೆದರೆ ಪ್ರತಿ ದೀಪದ ಒಳ ಅಂಚಿನಲ್ಲಿ ಎರಡು ಸ್ಕ್ರೂ ಕಾಣುತ್ತವೆ. ಹೊರ ಅಂಚಿನಲ್ಲಿ ಸ್ಕ್ರೂ ಇಲ್ಲ, ರಬ್ಬರಿನೊಳಗೆ ತೂರಿ ಕುಳಿತ ಗೂಟಗಳಿವೆ. ಸ್ಕ್ರೂ ತೆಗೆದ ಮೇಲೆ ದೀಪವನ್ನು ನೇರವಾಗಿ ಹಿಂದಕ್ಕೆ, ನಮ್ಮ ಎದೆಯ ಕಡೆಗೆ ಎಳೆಯಬೇಕು. ಪಕ್ಕಕ್ಕೆ ತಿರುಚಿದರೆ ಗೂಟ ಮುರಿಯುತ್ತದೆ. ಹದಿನೇಳು ವರ್ಷದ ರಬ್ಬರ್ ಬಿಡಲೊಲ್ಲದು. ಕಾದ ಬಿಸಿಲಿಗೆ ಅರ್ಧ ಗಂಟೆ ಬಿಟ್ಟು, ಎರಡೂ ಅಂಗೈಗಳಲ್ಲಿ ಹಿಡಿದು ಅಲುಗಾಡಿಸುತ್ತ ಎಳೆದೆ. ಎರಡೂ ಮುರಿಯದೆ ಬಂದವು. ಇಡೀ ಕೆಲಸದಲ್ಲಿ ನಾನು ಏನನ್ನೂ ಹಾಳುಮಾಡದ ಹಂತ ಇದೊಂದೇ. ವೈರ್ ಪ್ಲಗ್ ಬಿಚ್ಚಿ, ದೀಪಗಳಿಗೆ ಎಡ, ಬಲ ಎಂದು ಟೇಪ್ ಅಂಟಿಸಿದೆ. ದೀಪದ ಹಿಂದೆ ಒಂದೊಂದು 10 ಮಿ.ಮೀ. ಬೋಲ್ಟ್. ಎಕ್ಸ್‌ಟೆನ್ಷನ್ ಹಾಕಿದಾಗ ಸಲೀಸಾಗಿ ಬಂದವು.

ಆಮೇಲೆ ಮಡ್‌ಗಾರ್ಡ್ ಒಳಗಿನ ಸ್ಕ್ರೂ. ಬಂಪರಿನ ತುದಿ ಚಕ್ರದ ಕಮಾನಿಗೆ ಸೇರುವಲ್ಲಿ ಎರಡೂ ಕಡೆ ಒಂದೊಂದಿದೆ. ಮುಂದಿನ ಬಂಪರ್ ಆಗಿದ್ದರೆ ಸ್ಟೀರಿಂಗ್ ತಿರುಗಿಸಿ ಚಕ್ರವನ್ನು ಸರಿಸಿ ಜಾಗ ಮಾಡಿಕೊಳ್ಳಬಹುದು. ಹಿಂದಿನ ಚಕ್ರ ತಿರುಗುವುದಿಲ್ಲ. ಟೈರಿಗೂ ಸ್ಕ್ರೂವಿಗೂ ನಡುವೆ ನಾನು ಅಳೆದದ್ದು ನಾಲ್ಕು ಬೆರಳಿನಷ್ಟು ಜಾಗ, ನನ್ನ ಸ್ಕ್ರೂಡ್ರೈವರ್ ಒಂದು ಗೇಣು. ನೇರವಾಗಿ ಹಿಡಿಯಲಾಗದೆ ಓರೆಯಾಗಿ ಹಿಡಿದೆ. ಬಲಗಡೆಯದು ಹೇಗೋ ಬಂತು. ಎಡಗಡೆಯದು ಮೂರನೆಯ ತಿರುವಿಗೆ ಜಾರಿತು, ನಾಲ್ಕನೆಯದಕ್ಕೆ ತಲೆಯ ನಕ್ಷತ್ರವೇ ಸವೆದು ಬಟ್ಟಲಾಯಿತು.

ಇದು ಮೊದಲ ತಪ್ಪು. ಕೈಯಳತೆಯ ಮೋಟು ಸ್ಕ್ರೂಡ್ರೈವರಿಗೆ 90 ರೂಪಾಯಿ. ಅದನ್ನು ಮೊದಲೇ ಕೊಂಡಿದ್ದರೆ ಮುಂದಿನ ಎರಡೂವರೆ ಗಂಟೆ ಉಳಿಯುತ್ತಿತ್ತು. ಸವೆದ ತಲೆಯ ಮೇಲೆ ರಬ್ಬರ್ ಬ್ಯಾಂಡ್ ಇಟ್ಟು ತಿರುಗಿಸುವ ಉಪಾಯ ಮಾಡಿದೆ, ರಬ್ಬರ್ ಬ್ಯಾಂಡ್ ಹರಿಯಿತು. ಸ್ಪ್ರೇ ಹೊಡೆದು ಕಾದೆ, ಪ್ರಯೋಜನವಿಲ್ಲ. ಆ ಹೊತ್ತಿಗೆ ಎದುರುಮನೆಯ ಯಜಮಾನರು ಬಂದು ಕೈಕಟ್ಟಿ ನಿಂತಿದ್ದರು. ಅವರು ಎಚ್‌ಎಂಟಿಯಲ್ಲಿ ಫಿಟ್ಟರ್ ಆಗಿದ್ದವರು.

"ಏನು ಸ್ವಾಮಿ, ಕಾರನ್ನು ಗುಜರಿಗೆ ಬಿಡಿಬಿಡಿಯಾಗಿ ಮಾರುತ್ತೀರೋ?"

"ಇಲ್ಲ ಸರ್, ನೀರು ಸೋರುತ್ತಿದೆ."

"ಸ್ಕ್ರೂ ಸವೆಯುವುದು ತಿರುಗಿಸಿದ್ದಕ್ಕಲ್ಲ, ಒತ್ತದೆ ತಿರುಗಿಸಿದ್ದಕ್ಕೆ. ಬಿಡಿ, ಈಗ ತಲೆ ಕೊರೆದುಬಿಡಿ."

ಚಕ್ರ ಬಿಚ್ಚದೆ ಡ್ರಿಲ್ ಒಳಗೆ ಹೋಗುವುದಿಲ್ಲ. ಕೊನೆಗೆ ಜ್ಯಾಕ್ ಹಾಕಿ, ಚಕ್ರ ತೆಗೆದು, ಅದನ್ನೇ ಬಾಗಿಲ ಕೆಳಗಿನ ಅಂಚಿನ (ಸಿಲ್) ಕೆಳಗೆ ಅಡ್ಡ ಮಲಗಿಸಿ, 4 ಮಿ.ಮೀ. ಬಿಟ್‌ನಲ್ಲಿ ತಲೆ ಕೊರೆದೆ. ಪ್ಲಾಸ್ಟಿಕ್ ಬಿಟ್ಟುಕೊಂಡಿತು, ಉಳಿದ ಮೋಟನ್ನು ಇಕ್ಕುಳದಲ್ಲಿ ತಿರುಗಿಸಿ ತೆಗೆದೆ. ಜ್ಯಾಕ್ ಬೇಡ ಎಂದು ಬೆಳಿಗ್ಗೆ ಹೆಮ್ಮೆಯಿಂದ ನಿರ್ಧರಿಸಿದ್ದು ನೆನಪಾಯಿತು. ಅಷ್ಟರಲ್ಲಿ ಮೋಡ ಕವಿಯಿತು. ಚಕ್ರ ಹಾಕಿ, ದೀಪದ ಜಾಗಗಳಿಗೆ ಹಾಲಿನ ಪ್ಯಾಕೆಟ್ ಕತ್ತರಿಸಿ ಅಂಟಿಸಿ, ಆ ದಿನಕ್ಕೆ ಮುಗಿಸಿದೆ.

ಮೇ 11, ಭಾನುವಾರ

ಕ್ಲಿಪ್‌ಗಳ ದಿನ. ಬಂಪರಿನ ಮೇಲಂಚಿನಲ್ಲಿ, ಡಿಕ್ಕಿ ಬಾಗಿಲು ಕೂರುವ ಕಡೆ ಎರಡು. ಕೆಳಗಂಚಿನಲ್ಲಿ ನಾನು ಎಣಿಸಿದ್ದು ಮೂರು. ಎಲ್ಲವೂ ಗುಂಡುತಲೆಯ ಕಪ್ಪು ಪ್ಲಾಸ್ಟಿಕ್, ನಡುವೆ ಒಂದು ಚಿಕ್ಕ ಗುಂಡಿ. ಇವುಗಳಲ್ಲಿ ಎರಡು ಜಾತಿ. ಒಂದರಲ್ಲಿ ನಡುವಿನ ಗೂಟವನ್ನು ಮೇಲಕ್ಕೆ ಎಬ್ಬಿಸಿದರೆ ಕಾಲುಗಳು ಸಡಿಲಗೊಳ್ಳುತ್ತವೆ. ಇನ್ನೊಂದರಲ್ಲಿ ಗುಂಡಿಯನ್ನು ಎರಡು ಮೂರು ಮಿ.ಮೀ. ಒಳಕ್ಕೆ ಒತ್ತಬೇಕು, ಟಕ್ ಎಂದಾಗ ಇಡೀ ಕ್ಲಿಪ್ ಎತ್ತಬೇಕು. ಹೊರನೋಟಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವೆಂದರೆ ಎಬ್ಬಿಸುವ ಜಾತಿಯಲ್ಲಿ ತಲೆಯ ಅಂಚಿಗೆ ಉಗುರು ತೂರಿಸುವಷ್ಟು ಕಚ್ಚು ಇರುತ್ತದೆ.

ನನ್ನವು ಒತ್ತುವ ಜಾತಿ. ನಾನು ಮೊದಲ ಎರಡನ್ನು ಮೈನಸ್ ಸ್ಕ್ರೂಡ್ರೈವರಿನಿಂದ ಎಬ್ಬಿಸಲು ಹೋದೆ. ಎರಡರ ತಲೆಯೂ ಹಾರಿತು, ಒಂದು ಚರಂಡಿಗೆ ಬಿತ್ತು, ಬಂಪರಿನ ಬಣ್ಣದ ಮೇಲೆ ಒಂದು ಇಂಚಿನ ಗೀರು ಉಳಿಯಿತು. ಮೂರನೆಯದನ್ನು ಬೇಸರದಿಂದ ಹೆಬ್ಬೆರಳಿನಲ್ಲಿ ಒತ್ತಿದಾಗ ಟಕ್ ಎಂದಿತು. ಉಳಿದವು ಐದು ನಿಮಿಷದಲ್ಲಿ ಬಂದವು. ಕ್ಲಿಪ್ ಎಬ್ಬಿಸುವ ಪ್ಲಾಸ್ಟಿಕ್ ಸನ್ನೆಗಳ ಪೆಟ್ಟಿಗೆ 220 ರೂಪಾಯಿಗೆ ಸಿಗುತ್ತಿತ್ತು. ಅದನ್ನೂ ಆಮೇಲೆಯೇ ಕೊಂಡೆ.

ಈಗ ಎಳೆಯುವುದು. ಬಂಪರಿನ ಪಕ್ಕದ ಅಂಚು ಕಾರಿನ ಮೈಗೆ ಅಂಟಿದ ಒಂದು ಪಟ್ಟಿಯ ಹಲ್ಲುಗಳಿಗೆ ಕಚ್ಚಿ ಕುಳಿತಿರುತ್ತದೆ. ಚಕ್ರದ ಕಮಾನಿನ ಕಡೆಯಿಂದ ಹಿಡಿದು ಮೊದಲು ಪಕ್ಕಕ್ಕೆ, ನಿಮ್ಮ ಕಡೆಗೆ ಎಳೆಯಬೇಕು. ಹಿಂದಕ್ಕೆ ಎಳೆದರೆ ಹಲ್ಲು ಮುರಿಯುತ್ತದೆ. ಪಟ ಪಟ ಎಂದು ಒಂದೊಂದೇ ಹಲ್ಲು ಬಿಡುವ ಸದ್ದು ಮೊದಲ ಬಾರಿಗೆ ಕೇಳುವವರ ಎದೆ ಒಡೆಸುವಂಥದ್ದು, ಆದರೆ ಅದು ಸರಿಯಾದ ಸದ್ದು. ಬಲಗಡೆ ಬಿಟ್ಟಿತು. ಎಡಗಡೆಯೂ ಬಿಟ್ಟಿತು. ನಡುವೆ ಮಾತ್ರ ಯಾರೋ ಒಳಗಿನಿಂದ ಹಿಡಿದುಕೊಂಡ ಹಾಗೆ ನಿಂತಿತು.

ಇಲ್ಲಿ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಕೆಳಗೆ ಬಗ್ಗಿ ನೋಡುವ ಬದಲು ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ. ಬೇರೆಯೇ ಸದ್ದು ಬಂತು, ಮೆತ್ತಗಿನ ಸದ್ದು, ಹಪ್ಪಳ ಮುರಿದಂತೆ ಅಲ್ಲ, ದಪ್ಪ ಬಟ್ಟೆ ಹರಿದಂತೆ. ಎಡಮೂಲೆಯ 11 ಸೆಂಟಿಮೀಟರ್ ಸೀಳು 16 ಆಗಿತ್ತು.

ಆಗ ಮಲಗಿ ನೋಡಿದೆ. ಸೈಲೆನ್ಸರಿನ ಪಕ್ಕದಲ್ಲಿ ನಾನು ಒಣಗಿದ ಕೆಸರಿನ ಉಂಡೆ ಎಂದುಕೊಂಡದ್ದನ್ನು ಸ್ಕ್ರೂಡ್ರೈವರಿನಿಂದ ಕೆರೆದೆ. ಒಳಗೆ ಗುಂಡುತಲೆ. ನಾಲ್ಕನೆಯ ಕ್ಲಿಪ್. ಒತ್ತಿದೆ, ಟಕ್ ಎಂದಿತು. ಬಂಪರ್ ಮಗುವಿನಂತೆ ಕೈಗೆ ಬಂತು.

ಬಂದದ್ದು ಒಂದು ಅಡಿ ಮಾತ್ರ. ಐದಾರು ವರ್ಷದ ಹಿಂದೆ ನಾನೇ ಹಾಕಿಸಿದ ರಿವರ್ಸ್ ಸೆನ್ಸರ್ ಮರೆತಿದ್ದೆ. ಹೊಸ ಕಾರುಗಳಿಗೆ ಅದು ಕಡ್ಡಾಯವಾದದ್ದು 2019ರ ಜುಲೈಯಿಂದ. ಈ ಕಾರಿಗೆ ಹೊರಗಿನಿಂದ ತಂದು, ಬಂಪರಿಗೆ ನಾಲ್ಕು ತೂತು ಕೊರೆದು ಹಾಕಿದ್ದು. ನಾಲ್ಕು ತೆಳು ತಂತಿಗಳು ಬಾಡಿಯ ರಬ್ಬರ್ ಬಿರಡೆಯೊಂದರ ಮೂಲಕ ಡಿಕ್ಕಿಯೊಳಗಿನ ಪೆಟ್ಟಿಗೆಗೆ ಹೋಗುತ್ತವೆ. ಮೂರನೆಯ ತಂತಿ ಕಿತ್ತು ಬಂತು. ಉಳಿದ ಮೂರನ್ನು ಪೆಟ್ಟಿಗೆಯ ಕಡೆ ಪ್ಲಗ್ ತೆಗೆದು, ಸಂಖ್ಯೆ ಬರೆದ ಟೇಪ್ ಸುತ್ತಿ, ಬಿರಡೆಯೊಂದಿಗೇ ಹೊರತಂದೆ.

ಬಂಪರಿನ ಒಳಗಿನ ತೊಟ್ಟಿಯಲ್ಲಿ ಏನಿತ್ತು ಎಂದು ಹೇಳಲೇಬೇಕು. ಹೊಂಗೆಯ ಹೂವು. ಎಷ್ಟೋ ಬೇಸಿಗೆಗಳ ಹೊಂಗೆಹೂವು ಪದರ ಪದರವಾಗಿ ಕುಳಿತು, ಕೆಳಗಿನದು ಕಪ್ಪು ಗೊಬ್ಬರ, ನಡುವಿನದು ಚಹಾಪುಡಿಯ ಬಣ್ಣ, ಮೇಲಿನದು ಈ ವರ್ಷದ ತಿಳಿನೇರಳೆ ಇನ್ನೂ ಮಾಸದೆ. ಅದರ ಪಕ್ಕದಲ್ಲಿ ಇಲಿಯೊಂದು ಡಿಕ್ಕಿಯ ಹತ್ತಿಯನ್ನು ಕದ್ದು ಕಟ್ಟಿಕೊಂಡ ಖಾಲಿ ಗೂಡು, ಒಂದು ಬೇಕರಿಯ ಬಿಸ್ಕತ್ತಿನ ಕಾಗದ. ಒಂದೂವರೆ ಬಕೆಟ್ ಕಸ ತೆಗೆದೆ. ಹೆಂಡತಿ ಕೆಳಪದರದ ಗೊಬ್ಬರವನ್ನು ಕರಿಬೇವಿನ ಕುಂಡಕ್ಕೆ ಹಾಕಿಸಿಕೊಂಡಳು. ಇಡ್ಲಿತಟ್ಟೆಯ ಲೆಕ್ಕ ಅಲ್ಲಿಗೆ ಚುಕ್ತಾ ಎಂದು ನಾನು ಭಾವಿಸಿದ್ದೇನೆ.

ಈ ಒದ್ದೆ ಗೊಬ್ಬರ ಒರಗಿಕೊಂಡಿದ್ದ ಕಡೆಯೇ ಬಾಡಿಯ ತಗಡುಗಳು ಕೆಳಗೆ ಸೇರುವ ಅಂಚಿನಲ್ಲಿ ಅಂಗೈಯಗಲ ತುಕ್ಕು. ಸ್ಕ್ರೂಡ್ರೈವರಿನ ತುದಿಯಿಂದ ಚುಚ್ಚಿ ನೋಡಿದೆ, ತೂತಾಗಲಿಲ್ಲ. ಎಡಗಡೆಯ ಗಾಳಿಕಿಂಡಿಯ ಸುತ್ತಲಿನ ಫೋಮ್ ಪಟ್ಟಿಯನ್ನು ಮುಟ್ಟಿದರೆ ರವೆಯ ಹಾಗೆ ಉದುರಿತು. ನೀರಿನ ದಾರಿ ಅದೇ.

ಮೇ 14, ಬುಧವಾರ

ಬಂಪರ್ ನಡುಮನೆಯಲ್ಲಿ ಸೋಫಾದ ಹಿಂದೆ ನಿಂತಿತ್ತು. "ಇದಕ್ಕೂ ಕಾಫಿ ಕೊಡಬೇಕೇ?" ಎಂಬ ಪ್ರಶ್ನೆ ಮೂರು ದಿನದಲ್ಲಿ ಎರಡು ಬಾರಿ ಬಂತು. ಸಂಜೆ ಕಚೇರಿಯಿಂದ ಬಸ್ಸಿನಲ್ಲಿ ಹೋಗಿ ಕಲಾಕ್ಷೇತ್ರದ ಹತ್ತಿರ ಇಳಿದು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನು ಸುತ್ತಿದೆ. ಸ್ವಿಫ್ಟ್‌ನ ಬಂಪರ್ ಕ್ಲಿಪ್ ಎಂದೆ, ಹದಿನೈದು ಕೊಟ್ಟರು, ಒಂದಕ್ಕೆ 8 ರೂಪಾಯಿ, 120. ಮನೆಗೆ ಬಂದು ನೋಡಿದರೆ ತೂತಿನೊಳಗೆ ಗಲಗಲ ಎನ್ನುತ್ತವೆ. ಸ್ಯಾಂಪಲ್ ಒಯ್ಯದೆ ಹೋದದ್ದು ನನ್ನ ತಪ್ಪು. ವರ್ನಿಯರ್‌ನಲ್ಲಿ ಅಳೆದೆ: ನನ್ನ ಕಾರಿನ ತೂತು 8 ಮಿ.ಮೀ., ತಂದ ಕ್ಲಿಪ್‌ನ ಕಾಲು 6. ಶುಕ್ರವಾರ ಮತ್ತೆ ಹೋಗಿ, ಹಳೆಯದೊಂದನ್ನು ಅಂಗೈಯಲ್ಲಿಟ್ಟು ತೋರಿಸಿ, ಇನ್ನೊಂದು 120 ತೆತ್ತೆ.

ಕಿಂಡಿಗೆ ಸೀಲ್ ಮಾಡಲು ಮನೆಯಲ್ಲಿದ್ದ ಸ್ನಾನಗೃಹದ ಸಿಲಿಕೋನ್ ಬಳಸುವ ಯೋಚನೆಯಿತ್ತು. ಎದುರುಮನೆಯವರು ಟ್ಯೂಬಿನ ಮುಚ್ಚಳ ತೆಗೆದು ಮೂಸಿದರು. "ವಿನೆಗರ್ ವಾಸನೆ ಬರುತ್ತಿದೆಯಲ್ಲ, ಇದು ಆಮ್ಲ ಬಿಡುತ್ತ ಒಣಗುವ ಜಾತಿ. ಕಬ್ಬಿಣದ ಮೇಲೆ ಹಚ್ಚಿದರೆ ನೀವೇ ತುಕ್ಕನ್ನು ಸಾಕಿದ ಹಾಗೆ." ಬ್ಯುಟೈಲ್ ಟೇಪ್ ಒಂದು ಸುರುಳಿ ತಂದೆ, 250 ರೂಪಾಯಿ. ಚೂಯಿಂಗ್ ಗಮ್ಮಿನಂತೆ ಅಂಟುತ್ತದೆ, ಗಟ್ಟಿಯಾಗುವುದಿಲ್ಲ, ಮುಂದೆ ಬೇಕೆಂದಾಗ ಕೀಳಬಹುದು.

ಮೇ 17, ಶನಿವಾರ

ತುಕ್ಕಿಗೆ ತಂತಿಬ್ರಷ್, 120ರ ಉಜ್ಜುಕಾಗದ, ತುಕ್ಕು ಪರಿವರ್ತಕ ಒಂದು ಕೋಟು. ಕೆಂಪು ಕಪ್ಪಾಗುವವರೆಗೆ ಕಾದು, ಮೇಲೆ ಜಿಂಕ್ ಪ್ರೈಮರ್ ಸ್ಪ್ರೇ ಎರಡು ಕೋಟು. ಇದರಲ್ಲಿ ಹೇಳುವಂಥದ್ದೇನೂ ಇಲ್ಲ, ಕಾಯುವುದೇ ಕೆಲಸ.

ಗಾಳಿಕಿಂಡಿಯ ಚೌಕಟ್ಟನ್ನು ಒಳಗಿನ ಕೊಂಡಿ ಒತ್ತಿ ಹೊರತೆಗೆದೆ. ರಬ್ಬರ್ ರೆಪ್ಪೆಗಳು ಚೆನ್ನಾಗಿಯೇ ಇದ್ದವು. ಹಳೆಯ ಫೋಮನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಚೌಕಟ್ಟಿನ ಸುತ್ತ ಟೇಪ್ ಸುತ್ತಿ ಒತ್ತಿ ಕೂರಿಸಿದೆ. ಟೇಪಿನ ಎರಡು ತುದಿಗಳು ಸೇರುವ ಜಾಗವನ್ನು ಕೆಳಗಡೆಗೆ ಇಟ್ಟೆ. ರೆಪ್ಪೆಗಳ ಮೇಲೆ ಟೇಪ್ ತಾಗಬಾರದು, ಅವು ಬಡಿದಾಡುತ್ತಿರಲೇಬೇಕು. ಬಲಗಡೆಯದಕ್ಕೂ ಅದೇ ಉಪಚಾರ.

ಸೀಳಿನ ವಿಷಯದಲ್ಲಿ ಇನ್ನೊಂದು ಸೋಲು. ಬಂಪರಿನ ಒಳಮೈಯಲ್ಲಿ ಪಿಪಿ ಎಂದು ಅಚ್ಚೊತ್ತಿದೆ, ಅಂದರೆ ಪಾಲಿಪ್ರೊಪಿಲೀನ್. ಎಪಾಕ್ಸಿ ಇದಕ್ಕೆ ನಿಲ್ಲುವುದಿಲ್ಲ, ಹಿಂದೊಮ್ಮೆ ಹಚ್ಚಿ ಹಪ್ಪಳದಂತೆ ಎದ್ದು ಬಂದ ಅನುಭವವಿತ್ತು. ಹಾಗಾಗಿ ಈ ಬಾರಿ ಸೋಲ್ಡರಿಂಗ್ ಐರನ್‌ನಿಂದ ಕರಗಿಸಿ ಬೆಸೆಯಲು ಹೊರಟೆ. ತುಂಬಲು ಪ್ಲಾಸ್ಟಿಕ್ ಬೇಕಲ್ಲ, ಮನೆಯಲ್ಲಿದ್ದ ಕೇಬಲ್ ಟೈಗಳನ್ನು ಕರಗಿಸಿ ಹಾಕಿದೆ. ನೋಡಲು ಬಲು ಚೆನ್ನಾಗಿತ್ತು. ತಣ್ಣಗಾದ ಮೇಲೆ ಬಗ್ಗಿಸಿದರೆ ಇಡೀ ಪಟ್ಟಿ ಒಂದೇ ತುಂಡಾಗಿ ಎದ್ದು ಕೈಗೆ ಬಂತು. ಕೇಬಲ್ ಟೈ ನೈಲಾನ್. ನೈಲಾನ್ ಪಾಲಿಪ್ರೊಪಿಲೀನ್ ಜೊತೆ ಬೆರೆಯುವುದಿಲ್ಲ, ಅಂಟಿದಂತೆ ನಟಿಸುತ್ತದೆ ಅಷ್ಟೇ.

ಎರಡನೆಯ ಸಲ ಸೀಳಿನ ಕೊನೆಯಲ್ಲಿ ಮೊದಲು 3 ಮಿ.ಮೀ. ತೂತು ಕೊರೆದೆ, ಮುಂದಕ್ಕೆ ಹರಿಯದಿರಲಿ ಎಂದು. ಒಳಮೈಯಲ್ಲಿ ಸ್ಟೀಲ್ ಜಾಲರಿಯ ಪಟ್ಟಿಯಿಟ್ಟು, ಐರನ್‌ನಿಂದ ಒತ್ತಿ ಪ್ಲಾಸ್ಟಿಕ್ಕಿನೊಳಗೆ ಮುಳುಗಿಸಿದೆ. ತುಂಬಲು ಬಂಪರಿನದೇ ಕೆಳಗಂಚಿನ ಒಳಭಾಗದಿಂದ, ಯಾರ ಕಣ್ಣಿಗೂ ಬೀಳದ ಕಡೆಯಿಂದ, ಬ್ಲೇಡಿನಲ್ಲಿ ಸಿಬಿರು ಕೆತ್ತಿಕೊಂಡೆ. ಕಿಟಕಿ ಬಾಗಿಲು ತೆರೆದು, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಮಾಡಬೇಕಾದ ಕೆಲಸ ಇದು. ಒಂದೂವರೆ ಗಂಟೆ ಹಿಡಿಯಿತು. ಮೊಣಕಾಲಿನ ಮೇಲಿಟ್ಟು ಬಗ್ಗಿಸಿದೆ, ಹಿಡಿದುಕೊಂಡಿತು. ಹೊರಗಡೆ ಗಾಯದ ಕಲೆಯಂತೆ ಗೆರೆ ಕಾಣುತ್ತದೆ. ಕಾಣಲಿ.

ಮೇ 18, ಭಾನುವಾರ

ಹಾಕುವುದು ಬಿಚ್ಚಿದ್ದರ ತಿರುವುಮುರುವು, ಒಂದು ವ್ಯತ್ಯಾಸದೊಂದಿಗೆ: ಸೆನ್ಸರ್ ತಂತಿಗಳು ಮೊದಲು. ಕಿತ್ತ ತಂತಿಯನ್ನು ಬೆಸುಗೆ ಹಾಕಿ, ಬೆಸೆದ ಕಡೆ ಮುಚ್ಚುವ ತೋಳು (ಸ್ಲೀವ್) ತೊಡಿಸಿದೆ. ಬಂಪರನ್ನು ಮಗಳು ಒಂದು ತುದಿಯಲ್ಲಿ ಹಿಡಿದಳು. ಭಾರವಿಲ್ಲ, ಉದ್ದವಿದೆ. ಒಬ್ಬರೇ ಹಿಡಿದರೆ ಇನ್ನೊಂದು ತುದಿ ಬಣ್ಣ ಕೆರೆಯುತ್ತದೆ. ಮೊದಲು ನಡುವೆ ಕೂರಿಸಿ, ಆಮೇಲೆ ಎರಡೂ ಪಕ್ಕದ ಹಲ್ಲುಗಳನ್ನು ಅಂಗೈಯಿಂದ ಗುದ್ದಿದೆ. ಎಡಗಡೆ ಒಂದು ಹಲ್ಲು ಮುರಿದಿದೆ, ಅಲ್ಲಿ ಒಂದು ಕಾಳಿನಷ್ಟು ಸಂದು ಉಳಿಯಿತು. ಕ್ಲಿಪ್ ಹಾಕುವ ಮೊದಲು ನಡುವಿನ ಗೂಟವನ್ನು ಹಿಂದಿನಿಂದ ತಳ್ಳಿ ಮೇಲೆತ್ತಿಕೊಳ್ಳಬೇಕು, ತೂರಿಸಿದ ಮೇಲೆ ತಲೆಗೆ ಸಮನಾಗಿ ಒತ್ತಬೇಕು. ಮಡ್‌ಗಾರ್ಡ್ ಸ್ಕ್ರೂಗಳಿಗೆ ಬದಲಾಗಿ ತುಕ್ಕು ಹಿಡಿಯದ ಸ್ಟೀಲಿನವು, ಮೋಟು ಸ್ಕ್ರೂಡ್ರೈವರಿನಿಂದ. ಎರಡು ನಿಮಿಷದ ಕೆಲಸ.

ರಿವರ್ಸ್ ಗೇರ್ ಹಾಕಿ ಮಗಳನ್ನು ಹಿಂದೆ ದೂರದಲ್ಲಿ ನಿಲ್ಲಿಸಿ ನೋಡಿದೆ. ಎಡಕ್ಕೆ ನಿಂತರೆ ಬಲಗಡೆಯ ಸೆನ್ಸರ್ ಕೂಗುತ್ತದೆ. ಟೇಪಿನಲ್ಲಿ ಬರೆದ ಎರಡನ್ನು ನಾಲ್ಕು ಎಂದು ಓದಿದ್ದೆ. ಡಿಕ್ಕಿಯೊಳಗೆ ಪ್ಲಗ್ ಅದಲುಬದಲು ಮಾಡಿದ ಮೇಲೆ ಸರಿಯಾಯಿತು.

ಖರ್ಚು: ಮೋಟು ಸ್ಕ್ರೂಡ್ರೈವರ್ 90, ಪ್ಲಾಸ್ಟಿಕ್ ಸನ್ನೆಗಳು 220, ಕ್ಲಿಪ್ 120, ದಂಡದ ಕ್ಲಿಪ್ 120, ಬ್ಯುಟೈಲ್ ಟೇಪ್ 250, ತುಕ್ಕು ಪರಿವರ್ತಕ 180, ಪ್ರೈಮರ್ 320, ಜಾಲರಿ 60, ಸ್ಕ್ರೂ 40, ತಂತಿಯ ತೋಳು ಮತ್ತು ಉಜ್ಜುಕಾಗದ 40. ಒಟ್ಟು 1,440 ರೂಪಾಯಿ. ಬಸ್ ಚಾರ್ಜ್ ಸೇರಿಸಿಲ್ಲ. ಸಮಯ ಸುಮಾರು ಹದಿನಾಲ್ಕು ಗಂಟೆ, ಅದರಲ್ಲಿ ನನ್ನ ತಪ್ಪುಗಳನ್ನು ತಿದ್ದಲು ಹಿಡಿದದ್ದು ಐದಕ್ಕೆ ಕಡಿಮೆಯಿಲ್ಲ.

ಸಂಜೆ ಸ್ಟೆಪ್ನಿ ಗುಂಡಿಯ ಎರಡೂ ಬದಿಗೆ ಹಳೆಯ ಪತ್ರಿಕೆ ಹಾಸಿ ಡಿಕ್ಕಿ ಮುಚ್ಚಿದೆ. ಪರೀಕ್ಷೆಗೆ ಚೊಂಬು ಹಿಡಿಯುವ ಅಗತ್ಯ ಬೀಳಲಿಲ್ಲ. ಆ ರಾತ್ರಿ ಬಂದ ಮಳೆಯನ್ನು ಈ ಊರಿನವರಿಗೆ ನೆನಪಿಸಬೇಕಿಲ್ಲ. 24 ಗಂಟೆಯಲ್ಲಿ ನೂರು ಮಿಲಿಮೀಟರಿಗೂ ಹೆಚ್ಚು, ಸಾಯಿ ಲೇಔಟ್‌ನಲ್ಲಿ ಮನೆಗಳಿಗೇ ನೀರು.

ಮೇ 19, ಸೋಮವಾರ

ಬೆಳಿಗ್ಗೆ ಆರಕ್ಕೆ ಡಿಕ್ಕಿ ತೆರೆದೆ. ಎಡಗಡೆಯ ಪತ್ರಿಕೆ ಗರಿಗರಿಯಾಗಿತ್ತು, ಮಡಚಿದರೆ ಸದ್ದು ಬಂತು. ಬಲಗಡೆಯ ಪತ್ರಿಕೆಯ ಮೇಲೆ ಮಾತ್ರ ರೂಪಾಯಿ ನಾಣ್ಯದಷ್ಟು ಒದ್ದೆ. ಮೇಲಕ್ಕೆ ಹುಡುಕುತ್ತ ಹೋದರೆ ಬಲಗಡೆಯ ದೀಪದ ಕೆಳಗಿನ ಸ್ಕ್ರೂ ಅರ್ಧ ಸುತ್ತು ಸಡಿಲ, ಭಾನುವಾರ ಕೊನೆಯಲ್ಲಿ ಅವಸರದಿಂದ ಹಾಕಿದ್ದು. ಬಿಗಿ ಮಾಡಿ, ಒದ್ದೆ ಹಾಳೆ ತೆಗೆದು, ಹೊಸದೊಂದು ಹಾಸಿದ್ದೇನೆ.